ಲೈಬ್ರರಿ ಸೈನ್ಸ್ ಓದಬೇಕಾ? ಒಂದು ಫಾರ್ವರ್ಡ್, ಮನೆಮಂದಿಯೆಲ್ಲ ಜಗಳ

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ್ದು) "ಬೇಗನೆ ಮಾಯವಾಗಲಿರುವ ಕೆಲಸಗಳು! ಲೈಬ್ರರಿ ಕೆಲಸ: ಅಪಾಯ ಶೇ. 99. ಆಕ್ಸ್‌ಫರ್ಡ್ ಅಧ್ಯಯನ. ನಿಮ್ಮ ಮಕ್ಕಳಿಗೂ ತೋರಿಸಿ."

ಚಿಕ್ಕಪ್ಪ: ಪುಟ್ಟಿ, ಅರ್ಜಿ ಹಾಕುವ ಮೊದಲು ಇದನ್ನು ಓದು.

ಪುಟ್ಟಿ: ಅಪ್ಪಾ, ಮನೆಯಲ್ಲಿ ಹೇಳಿದ್ದು ಸಾಲದೆ ಗುಂಪಿಗೂ ಹಾಕಬೇಕಿತ್ತಾ?

ಅತ್ತೆ: ಶೇ. 99 ಅಂದರೆ ಮುಗಿದೇ ಹೋಯಿತಲ್ಲ! ಬೇರೆ ಏನಾದರೂ ಓದು ಕಂದ.

ನಾನು: ಚಿಕ್ಕಪ್ಪ, ನಾನು ಲೈಬ್ರರಿಯಲ್ಲೇ ಕೆಲಸ ಮಾಡುವವಳು, ಆ 99 ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬರ್ನ್ ಅಮೆರಿಕದ 702 ಬಗೆಯ ಕೆಲಸಗಳನ್ನು ತೆಗೆದುಕೊಂಡು, ಯಾವುದನ್ನು ಎಷ್ಟರಮಟ್ಟಿಗೆ ಕಂಪ್ಯೂಟರ್‌ಗೆ ಒಪ್ಪಿಸಬಹುದು ಅಂತ ಅಂದಾಜು ಮಾಡಿದ್ದರು. ಅದರಲ್ಲಿ 99 ಇರುವುದು ಲೈಬ್ರರಿ ಟೆಕ್ನಿಷಿಯನ್‌ಗೆ, ಅಂದರೆ ಲೈಬ್ರರಿಯನ್‌ಗೆ ನೆರವಾಗುವ ಸಹಾಯಕರಿಗೆ. ಲೈಬ್ರರಿಯನ್‌ದು ಬೇರೆ ಸಾಲು, ಅಲ್ಲಿ 65. ಫಾರ್ವರ್ಡ್ ಬರೆದ ಪುಣ್ಯಾತ್ಮ ಎರಡನ್ನೂ ಕಲಸಿ ದೊಡ್ಡ ಸಂಖ್ಯೆ ಇಟ್ಟುಕೊಂಡಿದ್ದಾನೆ.

ಚಿಕ್ಕಪ್ಪ: 65 ಏನು ಕಡಿಮೆಯಾ? ಮಳೆ ಬರುವ ಸಾಧ್ಯತೆ 65 ಅಂದರೆ ನೀನು ಕೊಡೆ ಹಿಡಿಯುವುದಿಲ್ವಾ?

ಅಣ್ಣ: ಹ್ಹಹ್ಹ. ಚಿಕ್ಕಪ್ಪಂಗೆ ಒಂದು ಪಾಯಿಂಟ್.

ನಾನು: ಹಿಡಿಯುತ್ತೇನೆ. ಕಡಿಮೆ ಅಂತ ನಾನೆಲ್ಲಿ ಹೇಳಿದೆ? ಹೋಗುವ ಕೆಲಸ ಆಗಲೇ ಹೋಗಿದೆ. ಬಾರ್‌ಕೋಡ್, ಆರ್‌ಎಫ್‌ಐಡಿ (ಪುಸ್ತಕಕ್ಕೆ ಅಂಟಿಸುವ ರೇಡಿಯೋ ಚೀಟಿ) ಬಂದ ಮೇಲೆ ಪುಸ್ತಕ ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ, ತಾರೀಖಿನ ಮುದ್ರೆ ಒತ್ತುವುದಕ್ಕೆ ಅಂತಲೇ ಕೂರುವವರು ಬೇಕಾಗಿಲ್ಲ. ಒಂದು ಕಡೆ ಒಂದು ಪುಸ್ತಕಕ್ಕೆ ಮಾರ್ಕ್ ರೆಕಾರ್ಡ್, ಅಂದರೆ ಅದರ ವಿವರಗಳನ್ನು ಕಂಪ್ಯೂಟರ್ ಓದುವ ಹಾಗೆ ಬರೆದ ದಾಖಲೆ, ಮಾಡಿದರೆ ಉಳಿದವರು ಅದನ್ನೇ ಇಳಿಸಿಕೊಳ್ಳುತ್ತಾರೆ. ಅಂದಹಾಗೆ ಆ ಮಾರ್ಕ್ ಅನ್ನುವುದನ್ನು ಹೊರಗಿನವರು ಬಂದು ನಮ್ಮ ಮೇಲೆ ಹೇರಿದ್ದಲ್ಲ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಒಳಗೇ ಹೆನ್ರಿಯೆಟ್ ಆವ್ರಮ್ ಅನ್ನುವ ಪ್ರೋಗ್ರಾಮರ್ ಮುಂದೆ ನಿಂತು ಮಾಡಿಸಿದ್ದು. ಕಂಪ್ಯೂಟರ್ ಕಂಡರೆ ಲೈಬ್ರರಿಯವರಿಗೆ ಭಯ ಅನ್ನುವವರಿಗೆ ಇದನ್ನು ಹೇಳಿ.

ದೊಡ್ಡಪ್ಪ: ಏನೇ ಹೇಳಿ, ಪುಸ್ತಕ ಕೈಯಲ್ಲಿ ಹಿಡಿದಾಗ ಬರುವ ಆ ವಾಸನೆ, ಆ ಹಾಳೆ ತಿರುವುವ ಸುಖ...

ನಾನು: ದೊಡ್ಡಪ್ಪ, ಕೈಮುಗಿಯುತ್ತೇನೆ, ವಾಸನೆ ಮಾತ್ರ ಬೇಡ. ವಾಸನೆಗೆ ಯಾರೂ ಬಜೆಟ್ ಕೊಡುವುದಿಲ್ಲ.

ಅಣ್ಣ: ಸೀರಿಯಸ್ಸಾಗಿ ಕೇಳುತ್ತೇನೆ. ಗೂಗಲ್ 2004ರಿಂದ ಪುಸ್ತಕ ಸ್ಕ್ಯಾನ್ ಮಾಡುತ್ತಿದೆ. ಈಗ ಎಐ ಬಂದಿದೆ, ಕೇಳಿದ್ದಕ್ಕೆ ನೇರ ಉತ್ತರ ಕೊಡುತ್ತದೆ. ಮಧ್ಯೆ ಒಬ್ಬರು ಕೂತು ಹುಡುಕಿಕೊಡುವುದು ಯಾಕೆ?

ನಾನು: ಗೂಗಲ್ ಸ್ಕ್ಯಾನ್ ಮಾಡಿದ್ದು ಯಾರ ಪುಸ್ತಕ? ಹಾರ್ವರ್ಡ್, ಮಿಷಿಗನ್, ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗಳ ಕಪಾಟಿನಿಂದ ಇಳಿಸಿದ್ದು. ನೂರಾರು ವರ್ಷ ಯಾರೋ ಕೂಡಿಸಿಟ್ಟಿದ್ದರು, ಇವರು ಕ್ಯಾಮರಾ ತಂದರು ಅಷ್ಟೇ. ಅದರಲ್ಲೂ ಕಾಪಿರೈಟ್ ಇರುವ ಬಹಳಷ್ಟು ಪುಸ್ತಕಗಳಲ್ಲಿ ನಾಲ್ಕು ಸಾಲು ತೋರಿಸಿ ಬಾಗಿಲು ಹಾಕುತ್ತದೆ.

ಎಐ ವಿಷಯ ಕೇಳು. ಒಬ್ಬ ವಿದ್ಯಾರ್ಥಿ ಪ್ರಬಂಧಕ್ಕೆ ಆಕರಗಳ ಪಟ್ಟಿ ತಂದ. ಚಾಟ್‌ಬಾಟ್ ಕೊಟ್ಟಿದ್ದು. ನೋಡಿದರೆ ಬಹಳ ಚೆನ್ನಾಗಿದೆ: ಪತ್ರಿಕೆಯ ಹೆಸರು ನಿಜ, ಸಂಪುಟ ನಿಜ, ಲೇಖಕರೂ ಆ ಕ್ಷೇತ್ರದವರೇ. ಆ ಸಂಪುಟ ತೆಗೆದು ಆ ಪುಟಕ್ಕೆ ಹೋದರೆ ಅಲ್ಲಿ ಬೇರೆಯವರ ಬೇರೆ ಲೇಖನದ ಅರ್ಧ ಭಾಗ ಇದೆ. ಡಿಒಐ, ಅಂದರೆ ಲೇಖನದ ಆನ್‌ಲೈನ್ ಗುರುತಿನ ಸಂಖ್ಯೆ, ಹಾಕಿದರೆ ಒಂದು ತೆರೆಯುವುದೇ ಇಲ್ಲ, ಇನ್ನೊಂದು ಸಂಬಂಧವೇ ಇಲ್ಲದ ಲೇಖನಕ್ಕೆ ಹೋಗುತ್ತದೆ. ಆ ಹುಡುಗ ಮೋಸಗಾರ ಅಲ್ಲ. ಇಷ್ಟು ಅಚ್ಚುಕಟ್ಟಾಗಿ ಬರೆದದ್ದು ಸುಳ್ಳು ಇರಬಹುದು ಅಂತ ಅವನಿಗೆ ಅನ್ನಿಸಲೇ ಇಲ್ಲ.

ಅತ್ತೆ: ಅಯ್ಯೋ, ಹೌದಾ? ನಾನು ಔಷಧಿ ಬಗ್ಗೆ ಅದನ್ನೇ ಕೇಳುತ್ತೇನೆ.

ನಾನು: ಕೇಳಿ ಅತ್ತೆ, ಆದರೆ ಡಾಕ್ಟರನ್ನೂ ಕೇಳಿ. ಓದಿದವರೂ ಬಿದ್ದಿದ್ದಾರೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲವೇ ಇಲ್ಲದ ಕೇಸುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು.

ಅಣ್ಣ: ಅದು ಆಗಿನ ಮಾಡೆಲ್. ಈಗ ಎಷ್ಟೋ ಸುಧಾರಿಸಿದೆ.

ನಾನು: ಸುಧಾರಿಸಲಿ, ನಾನೂ ದಿನಾ ಬಳಸುತ್ತೇನೆ. ತಪ್ಪು ಕಡಿಮೆ ಆದಷ್ಟೂ ಹಿಡಿಯುವುದು ಕಷ್ಟ, ಯಾಕೆಂದರೆ ಆಗ ಯಾರೂ ನೋಡುವುದೇ ಇಲ್ಲ.

ಚಿಕ್ಕಪ್ಪ: ಸರಿ, ತಪ್ಪು ಹುಡುಕುವ ಕೆಲಸ ಅಂತ ಇಟ್ಟುಕೊಳ್ಳೋಣ. ಅದಕ್ಕೆ ಕಟ್ಟಡ, ಕಪಾಟು, ಇಷ್ಟೆಲ್ಲ ಜನ ಬೇಕಾ? ಎಲ್ಲ ಆನ್‌ಲೈನ್‌ನಲ್ಲಿ ಇರುತ್ತದಲ್ಲ.

ನಾನು: ಇರುತ್ತದೆ ಅನ್ನುವುದೇ ಸುಳ್ಳು ಚಿಕ್ಕಪ್ಪ. ನನಗೆ ಎಐಗಿಂತ ಜಾಸ್ತಿ ಭಯ ಇದರದು. ಮೊದಲು ಒಂದು ಪತ್ರಿಕೆಗೆ ಚಂದಾ ಕಟ್ಟುತ್ತಿದ್ದೆವು. ಮುಂದಿನ ವರ್ಷ ದುಡ್ಡಿಲ್ಲ ಅಂತ ನಿಲ್ಲಿಸಿದರೂ ಹಳೆಯ ಸಂಚಿಕೆಗಳು ಬೈಂಡ್ ಆಗಿ ಕಪಾಟಿನಲ್ಲಿ ಇರುತ್ತಿದ್ದವು. ಈಗ ಕಟ್ಟುವುದು ಬಾಡಿಗೆ. ಒಪ್ಪಂದದಲ್ಲಿ ಹಳೆಯದನ್ನು ಮುಂದೆಯೂ ನೋಡುವ ಹಕ್ಕು ಬರೆಸಿಕೊಂಡಿರದಿದ್ದರೆ, ಚಂದಾ ನಿಂತ ದಿನವೇ ಹತ್ತು ವರ್ಷ ದುಡ್ಡು ಕಟ್ಟಿದ್ದೂ ಹೋಯಿತು. ಇ-ಪುಸ್ತಕವೂ ಹಾಗೇ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಅನ್ನುವ ಪ್ರಕಾಶಕರು ಲೈಬ್ರರಿಗಳಿಗೆ ಹಾಕಿದ ನಿಯಮ ಗೊತ್ತಾ? ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಡಬಹುದು, ಆಮೇಲೆ ಮತ್ತೆ ಕೊಳ್ಳಬೇಕು. ಫೈಲು ಸವೆಯುತ್ತದಂತೆ!

ಅಣ್ಣ: 26? ಇದು ನನಗೆ ಗೊತ್ತಿರಲಿಲ್ಲ.

ಪುಟ್ಟಿ: ಕಿಂಡಲ್‌ನಿಂದ ಆರ್ವೆಲ್ ಪುಸ್ತಕವನ್ನೇ ಅಳಿಸಿದ್ದರಲ್ಲ, ಅದೂ ಜನ ದುಡ್ಡು ಕೊಟ್ಟು ಕೊಂಡಿದ್ದು.

ನಾನು: ಹೂಂ, 2009ರಲ್ಲಿ. ಆ ಪ್ರತಿ ಮಾರಿದವರಿಗೆ ಹಕ್ಕಿರಲಿಲ್ಲ ಅಂತ ಅಮೆಜಾನ್ ದುಡ್ಡು ವಾಪಸ್ ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡ ಪುಸ್ತಕ ಹೋಯಿತು, ದುಡ್ಡು ಬಂತು. ಇನ್ನು ವೆಬ್‌ಸೈಟು: 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷ ಆಗುವಷ್ಟರಲ್ಲಿ ಸಿಗುತ್ತಿರಲಿಲ್ಲ ಅಂತ ಪ್ಯೂ ರಿಸರ್ಚ್ 2024ರಲ್ಲಿ ಲೆಕ್ಕ ಕೊಟ್ಟಿದೆ. ಯಾರಾದರೂ ಒಬ್ಬರು ಇದನ್ನು ಉಳಿಸುವುದು ನನ್ನ ಕೆಲಸ ಅಂತ ಸಂಬಳ ತೆಗೆದುಕೊಳ್ಳದಿದ್ದರೆ ಇದೆಲ್ಲ ತಾನಾಗಿ ಉಳಿಯುವುದಿಲ್ಲ.

ದೊಡ್ಡಪ್ಪ: ಅದಕ್ಕೇ ಹೇಳಿದ್ದು, ಅಚ್ಚಿನ ಪುಸ್ತಕವೇ ಗಟ್ಟಿ!

ನಾನು: ಅಷ್ಟು ಸುಲಭ ಇಲ್ಲ ದೊಡ್ಡಪ್ಪ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳಿಗೆ ರೈಸಿಡಾ ಅನ್ನುವ ಗುಂಪು ಕನ್ನ ಹಾಕಿತು. ಸುಮಾರು 600 ಜಿಬಿ ಡೇಟಾ ಕದ್ದು ಹೊರಗೆ ಬಿಟ್ಟರು. ಪುಸ್ತಕ ಒಂದೂ ಕಳುವಾಗಲಿಲ್ಲ, ಎಲ್ಲ ಕಪಾಟಿನಲ್ಲೇ ಇದ್ದವು. ಆದರೆ ಕ್ಯಾಟಲಾಗ್ ಬಿದ್ದುಹೋಯಿತು. ಏನು ಎಲ್ಲಿದೆ ಅಂತ ಹುಡುಕುವುದೇ ಕಷ್ಟ, ತರಿಸಿಕೊಳ್ಳುವುದು ಇನ್ನೂ ಕಷ್ಟ. ಕ್ಯಾಟಲಾಗ್ ಮತ್ತೆ ಆನ್‌ಲೈನ್‌ಗೆ ಬಂದದ್ದು ಮುಂದಿನ ಜನವರಿಯಲ್ಲಿ, ಅದೂ ಹುಡುಕಿ ನೋಡುವುದಕ್ಕೆ ಮಾತ್ರ. ಆ ಹೊತ್ತಿಗೆ ಎಷ್ಟು ಜನರ ಸಂಶೋಧನೆ ನಿಂತಿರಬಹುದು ಯೋಚಿಸಿ. ಹುಡುಕಲು ಆಗದ ಪುಸ್ತಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪುಟ್ಟಿ: ಅಕ್ಕ, ಆ ಕ್ಯಾಟಲಾಗ್ ಕೆಲಸ ನಿಜಕ್ಕೂ ಹೇಗಿರುತ್ತದೆ? ಬೋರ್ ಅಂತಾರೆ ಎಲ್ಲರೂ.

ನಾನು: ಬೋರೇ, ಒಂದಷ್ಟು. ಆದರೆ ಒಬ್ಬರೇ ಲೇಖಕರು ಒಂದು ಪುಸ್ತಕದಲ್ಲಿ ಕಾವ್ಯನಾಮ ಹಾಕಿದ್ದಾರೆ, ಇನ್ನೊಂದರಲ್ಲಿ ನಿಜವಾದ ಹೆಸರು, ಮೂರನೆಯದರಲ್ಲಿ ಬರೀ ಇನಿಷಿಯಲ್. ಮೂರೂ ಒಬ್ಬರೇ ಅಂತ ಯಾರೋ ಕಂಡುಹಿಡಿದು ಕೂಡಿಸಬೇಕು. ಅದೇ ಹೆಸರಿನ ಬೇರೆ ಇಬ್ಬರನ್ನು ಬೇರ್ಪಡಿಸಬೇಕು. ಇದಕ್ಕೆ ಅಥಾರಿಟಿ ಫೈಲ್ ಅನ್ನುತ್ತಾರೆ. ಇದು ಸರಿ ಇಲ್ಲದಿದ್ದರೆ ಅಣ್ಣನ ಎಐ ಕೂಡ ಇಬ್ಬರನ್ನು ಒಬ್ಬರೆಂದೇ ಹೇಳುತ್ತದೆ, ಪೂರ್ತಿ ಧೈರ್ಯದಿಂದ.

ಅಣ್ಣ: ನಮ್ಮ ಆಫೀಸಲ್ಲಿ ಇದನ್ನೇ ಡೇಟಾ ಕ್ಲೀನಿಂಗ್ ಅಂತ ಮಾಡುತ್ತೇವೆ. ಸಂಬಳ ಮಾತ್ರ ನಿನಗಿಂತ ಜಾಸ್ತಿ.

ನಾನು: ಗೊತ್ತು, ಉರಿಸಬೇಡ.

ಚಿಕ್ಕಪ್ಪ: ಈಗ ಸರಿಯಾದ ಜಾಗಕ್ಕೆ ಬಂತು ಮಾತು. ಇಷ್ಟೊತ್ತು ನೀನು ಹೇಳಿದ್ದು ಕೆಲಸ ಬೇಕು ಅಂತ. ಕೆಲಸ ಬೇಕು ಅನ್ನುವುದೂ ಅದಕ್ಕೆ ಯಾರೋ ದುಡ್ಡು ಕೊಡುತ್ತಾರೆ ಅನ್ನುವುದೂ ಒಂದೇನಾ?

ನಾನು: ಒಂದೇ ಅಲ್ಲ. ಅದಕ್ಕೆ ನನ್ನ ಹತ್ತಿರ ಚಂದದ ಉತ್ತರ ಇಲ್ಲ. ಖಾಯಂ ಹುದ್ದೆಯಿಂದ ಒಬ್ಬರು ನಿವೃತ್ತರಾದರೆ ಎಷ್ಟೋ ಕಡೆ ಆ ಜಾಗ ತುಂಬುವುದಿಲ್ಲ, ಇಲ್ಲವೇ ಕಾಂಟ್ರಾಕ್ಟಿನವರು ಬರುತ್ತಾರೆ. ಅದನ್ನು ಮುಚ್ಚಿಟ್ಟು ಪುಟ್ಟಿಗೆ ಸೇರು ಅಂದರೆ ನನಗೆ ಮನಸ್ಸು ಒಪ್ಪುವುದಿಲ್ಲ. ಪುಟ್ಟಿ, ಕಾಲೇಜಿನ ಹೆಸರು ನೋಡಬೇಡ, ಲ್ಯಾಬ್ ನೋಡು. ಲೈಬ್ರರಿ ನಡೆಸುವ ಕೋಹಾ, ಡಿಜಿಟಲ್ ಸಂಗ್ರಹ ಇಡುವ ಡಿಸ್ಪೇಸ್, ಎರಡೂ ಓಪನ್ ಸೋರ್ಸ್ ಸಾಫ್ಟ್‌ವೇರ್. ಅವನ್ನು ವಿದ್ಯಾರ್ಥಿಗಳ ಕೈಯಲ್ಲೇ ಇನ್‌ಸ್ಟಾಲ್ ಮಾಡಿಸುತ್ತಾರಾ, ಅಥವಾ ಬೋರ್ಡಿನ ಮೇಲೆ ಚಿತ್ರ ಬರೆದು ಬಿಡುತ್ತಾರಾ? ಮೆಟಾಡೇಟಾ (ಪುಸ್ತಕ, ಫೈಲುಗಳ ಬಗೆಗಿನ ವಿವರ) ಬರೀ ಒಂದು ಅಧ್ಯಾಯವಾ, ಒಂದು ಪೇಪರ್ರಾ? ಕಾಪಿರೈಟ್, ಲೈಸೆನ್ಸ್ ಒಪ್ಪಂದ ಓದುವುದನ್ನು ಕಲಿಸುತ್ತಾರಾ? ಇದು ಬಂದರೆ ಲೈಬ್ರರಿ ಅನ್ನುವ ಬೋರ್ಡ್ ಇಲ್ಲದ ಕಡೆಯೂ ಕೆಲಸ ಸಿಗುತ್ತದೆ: ರೆಕಾರ್ಡ್ಸ್, ಆರ್ಕೈವ್ಸ್, ಸಂಶೋಧನೆಯ ಡೇಟಾ ನೋಡಿಕೊಳ್ಳುವುದು. ವರ್ಗೀಕರಣದ ಸಂಖ್ಯೆ ಬಾಯಿಪಾಠ ಮಾಡಿಸುವುದಷ್ಟೇ ಇದ್ದರೆ ಮಾತ್ರ ನಿಮ್ಮಪ್ಪ ಹೇಳುವುದೇ ಸರಿ.

ಅತ್ತೆ: ನೋಡಿದ್ಯಾ, ಇವಳೂ ಸೇರು ಅಂತ ಪೂರ್ತಿ ಹೇಳಲಿಲ್ಲ.

ಪುಟ್ಟಿ: ಬೇಡ ಅಂತಲೂ ಹೇಳಲಿಲ್ಲ ಅತ್ತೆ. ಎರಡು ಕಡೆಯ ಸಿಲಬಸ್ ಇದೆ, ಪಿಡಿಎಫ್ ಹಾಕುತ್ತೇನೆ. ಒಂದರಲ್ಲಿ ಪೈಥಾನ್ ಮತ್ತೆ ಡೇಟಾಬೇಸ್ ಇದೆ, ಇನ್ನೊಂದರಲ್ಲಿ ಕಂಪ್ಯೂಟರ್ ಪರಿಚಯ ಅಂತ ಮಾತ್ರ ಇದೆ.

ಚಿಕ್ಕಪ್ಪ: ಡೇಟಾಬೇಸ್ ಇರುವುದನ್ನು ಮೊದಲು ಹಾಕು, ನಾನೂ ನೋಡುತ್ತೇನೆ. ಸಂಬಳದ ಮಾತು ಇನ್ನೂ ಮುಗಿದಿಲ್ಲ.