ಟೆಲಿಸ್ಕೋಪ್ ಗುಮ್ಮಟದ ಸ್ಲಿಟ್‌ಗೆ ‘ಕಿಂಡಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗಾಗಿ, ಹಳೆಯ ವೀಕ್ಷಣಾಲಯಗಳಲ್ಲಿ ಗುಮ್ಮಟವನ್ನು ಹೇಗೆ ನಡೆಸುತ್ತಿದ್ದರು ಅಂತ ಕೆಲವು ಪುಟ ಬರೆಯುತ್ತಿದ್ದೇನೆ. ಗುಮ್ಮಟ, ಹಳಿ, ಗಾಲಿ, ರಾಟೆ ಇವೆಲ್ಲ ಸಲೀಸು. ಕೈಕೊಟ್ಟದ್ದು ಸ್ಲಿಟ್.

ಗುಮ್ಮಟದ ಬುಡದ ಹತ್ತಿರದಿಂದ ನೆತ್ತಿ ದಾಟುವವರೆಗೆ ಉದ್ದಕ್ಕೆ ಬಿಟ್ಟ ಜಾಗ ಅದು. ಟೆಲಿಸ್ಕೋಪಿಗೆ ಆಕಾಶ ಕಾಣುವುದು ಅಲ್ಲಿಂದ ಮಾತ್ರ. ಭೌತಶಾಸ್ತ್ರದ ಪಾಠದಲ್ಲಿ ‘ಸೀಳು’ ಅನ್ನುತ್ತಾರೆ, ಆದರೆ ಗುಮ್ಮಟ ಸೀಳಿದೆ ಅಂದರೆ ನಮ್ಮ ಕಡೆಯವರು ಮಳೆಗೆ ಸೋರುತ್ತದೆ ಅಂತಲೇ ತಿಳಿಯುತ್ತಾರೆ. ‘ಬಿರುಕು’ ಇನ್ನೂ ಕೆಟ್ಟದು. ನನ್ನ ಒಲವು ‘ಕಿಂಡಿ’ಗೆ. ಕಿಂಡಿ ಅಂದರೆ ಸಣ್ಣದಲ್ವಾ, ಕನಕನ ಕಿಂಡಿಯ ಹಾಗೆ, ಅಂತ ಸ್ನೇಹಿತರೊಬ್ಬರು ಕೇಳಿದರು. ಆದರೆ ನಮ್ಮ ತೋಡುಗಳ ಕಿಂಡಿ ಅಣೆಕಟ್ಟು ನೋಡಿ. ಎರಡು ಕಂಬಗಳ ನಡುವಿನ ಆ ಕಿಂಡಿ ಆಳೆತ್ತರ ಇರುತ್ತದೆ, ಮಳೆ ಹೋದ ಮೇಲೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿ ಮುಚ್ಚುತ್ತಾರೆ. ಬೇಕೆಂದೇ ಬಿಟ್ಟ, ಬೇಕಾದಾಗ ಮುಚ್ಚುವ ಜಾಗ. (ಗುಮ್ಮಟದ್ದು ಮಳೆಗಾಲದಲ್ಲಿ ಮುಚ್ಚುತ್ತದೆ, ಅಣೆಕಟ್ಟಿನದ್ದು ಆಗಲೇ ತೆರೆದಿರುತ್ತದೆ, ಅದು ಬೇರೆ ವಿಷಯ.)

ಮುಚ್ಚುವ ಭಾಗಕ್ಕೆ ‘ಶಟರ್’ ಇರಲಿ, ಅಂಗಡಿ ಶಟರ್ ಯಾರಿಗೆ ಗೊತ್ತಿಲ್ಲ? ಆದರೆ ‘ಹಾಕು’ ಬಂದಲ್ಲಿ ಜಾಗ್ರತೆ. ಮೋಟರ್ ಹಾಕಿ ಅಂದರೆ ಶುರು ಮಾಡಿ, ಶಟರ್ ಹಾಕಿ ಅಂದರೆ ಮುಚ್ಚಿ! ಎರಡೂ ಒಂದೇ ಸಾಲಿನಲ್ಲಿ ಬಂದರೆ ಮಕ್ಕಳು ಏನು ಮಾಡಬೇಕು? ಅದಕ್ಕೆ ‘ತೆರೆ, ಮುಚ್ಚು’ ಅಂತಲೇ ಬರೆದಿದ್ದೇನೆ.

ಜಾಸ್ತಿ ತಲೆ ಕೆಡಿಸಿದ್ದು ‘ತಿರುಗಿಸು’. ಟೆಲಿಸ್ಕೋಪೂ ತಿರುಗುತ್ತದೆ, ಗುಮ್ಮಟವೂ ತಿರುಗುತ್ತದೆ, ಆದರೆ ಎರಡೂ ಬೇರೆ ಬೇರೆ ಕೆಲಸ. ಹಳೆಯ ಟೆಲಿಸ್ಕೋಪನ್ನು ಗಡಿಯಾರದಂಥ ಯಂತ್ರವೊಂದು ಧ್ರುವದ ಕಡೆ ಮುಖಮಾಡಿದ ಅಚ್ಚಿನ ಸುತ್ತ ಗಂಟೆಗೆ 15 ಡಿಗ್ರಿಯಂತೆ ಒಂದೇ ಸಮನೆ ಒಯ್ಯುತ್ತದೆ. ಗುಮ್ಮಟ ಹಾಗಲ್ಲ, ಅದು ಗೋಡೆಯ ಮೇಲಿನ ಹಳಿಯಲ್ಲಿ ಸುತ್ತುವುದಷ್ಟೇ. ಹಾಗಾಗಿ ನಕ್ಷತ್ರ ದಿಗಂತದ ಹತ್ತಿರ ಇದ್ದಾಗ ಗುಮ್ಮಟ ಸುತ್ತಿಸುವ ಹಗ್ಗವನ್ನು ಆಗೀಗ ಎಳೆದರೆ ಸಾಕು, ನೆತ್ತಿಯ ಹತ್ತಿರ ಹಾಯುವಾಗ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಹೆಚ್ಚುಕಡಿಮೆ ಅರ್ಧ ಸುತ್ತು ಬರಬೇಕಾಗುತ್ತದೆ. ಟೆಲಿಸ್ಕೋಪಿಗೆ ‘ಬೆನ್ನುಹತ್ತು’, ಗುಮ್ಮಟಕ್ಕೆ ‘ಸರಿಸು’ ಅಂತ ಬೇರೆ ಮಾಡಿದೆ. ‘ಕಿಂಡಿ ಎದುರಿಗೆ ಬರುವಷ್ಟು ಗುಮ್ಮಟ ಸರಿಸಿ.’ ಓದಿದರೆ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ.

ಸರಿಸುವುದು ತಡವಾದರೆ ಕಿಂಡಿಯ ಅಂಚು ಅಡ್ಡ ಬಂದು ಬೆಳಕು ಕಡಿಮೆಯಾಗುತ್ತದೆ. ಇದಕ್ಕೆ ‘ಮರೆ ಬೀಳುವುದು’ ಅಂತ ಹಾಕಿದ್ದೇನೆ. ಸಣ್ಣ ವಿಷಯ ಅನ್ನಬೇಡಿ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದಾಗ, ತಮಿಳುನಾಡಿನ ಕಾವಲೂರಿನಲ್ಲೂ 1 ಮೀಟರ್ ಟೆಲಿಸ್ಕೋಪಿನಿಂದ ನೋಡುತ್ತಿದ್ದರು. ಗ್ರಹ ಮರೆ ಮಾಡುವ ಮೊದಲೇ ನಕ್ಷತ್ರ ಕೆಲವು ಸೆಕೆಂಡು ಮಂಕಾಯಿತು. ಹೊಸ ಉಪಗ್ರಹ ಇರಬೇಕು ಅಂತ ಮೊದಲು ಬರೆದರು, ಕೊನೆಗೆ ನೋಡಿದರೆ ಅದು ಯುರೇನಸ್ಸಿನ ಬಳೆ. ಅಂಥ ಹೊತ್ತಲ್ಲಿ ಗುಮ್ಮಟದ ಅಂಚೇ ಅಡ್ಡ ಬಂದಿದ್ದರೆ? ಆದರೆ ಗ್ರಹ ಮಾಡುವ ಮರೆಗೂ ಗುಮ್ಮಟ ಮಾಡುವ ಮರೆಗೂ ಒಂದೇ ಪದ ಇರಬೇಕೇ ಅನ್ನುವುದು ನನಗಿನ್ನೂ ಬಗೆಹರಿದಿಲ್ಲ. ‘ಅಂಚುಮರೆ’ ಅಂದರೆ ಹೇಗೆ?

ಇನ್ನೊಂದು. ಎರಡು ತುದಿ ಸೇರಿಸಿ ಹೆಣೆದು ರಾಟೆಗೆ ಸುತ್ತಿದ, ಎಷ್ಟು ಎಳೆದರೂ ಮುಗಿಯದ ಹಗ್ಗ ಇರುತ್ತದಲ್ಲ, ಗಾಣ, ಗಿರಣಿ ಕಡೆಯವರು ಅದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ತಿಳಿಸಿ, ಸುಮ್ನೆ ‘ಸುತ್ತುಹಗ್ಗ’ ಅಂತ ಹೊಸದು ಹುಟ್ಟಿಸಲು ಮನಸ್ಸಿಲ್ಲ.