‘ಎಮಿಷನ್ ಇನ್ವೆಂಟರಿ’ಗೆ ‘ದಾಸ್ತಾನು’ ಸರಿಯೇ? (ತುರ್ತು)

ಹಿರಿಯರಿಗೆ ನಮಸ್ಕಾರ. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ರೂಪಿಸಿದ್ದ ‘ಸೇಜ್’ ತಂತ್ರಾಂಶದ ಬಗ್ಗೆ ಪ್ರದರ್ಶನದ ಫಲಕವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು. ಜಗತ್ತಿನ ವಿಮಾನಗಳು ಎಷ್ಟು ಇಂಧನ ಸುಟ್ಟವು, ಎಷ್ಟು ಹೊಗೆ ಬಿಟ್ಟವು ಎಂದು ಒಂದೊಂದು ಹಾರಾಟಕ್ಕೂ ಲೆಕ್ಕ ಹಾಕಿ ಅದು ವರ್ಷವಾರು ‘ಇನ್ವೆಂಟರಿ’ ಕೊಡುತ್ತಿತ್ತು. ‘ಹೊರಸೂಸುವಿಕೆಯ ದಾಸ್ತಾನು’ ಎಂದು ಬರೆದೆ, ಒಗ್ಗುತ್ತಿಲ್ಲ. ಶೀರ್ಷಿಕೆ ‘ಜಾಗತಿಕ ವಿಮಾನ ಮಾದರಿ’. ಸರಿಯೇ?

*

ದಾಸ್ತಾನು ಬೇಡ. ಅದು ಗೋದಾಮಿನಲ್ಲಿ ಬೀಗ ಹಾಕಿ ಇಡುವಂಥದ್ದು. ಇದು ಆಗಲೇ ಆಕಾಶ ಸೇರಿದೆ. ‘ತಖ್ತೆ’ ಎನ್ನಿ, ಅಂದರೆ ಕೋಷ್ಟಕ. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಮಳೆಯಿಂದ ಹಿಡಿದು ದನಕರುಗಳವರೆಗೆ ಎಲ್ಲವೂ ತಖ್ತೆಯೊಳಗೇ ಕೂರುತ್ತಿತ್ತು.

*

ಪಾರಸಿ ಬಿಟ್ಟು ಪಾರಸಿಗೇ ಹೋದಿರಲ್ಲ, ಗುಮಾಸ್ತರೇ! ‘ಎಣಿಕೆಪಟ್ಟಿ’ ಸಾಕು. ‘ಇಂಧನ’ವೂ ಸಂಸ್ಕೃತ. ‘ಉರಿ’ಯಿಂದ ಬಂದ ‘ಉರುವಲು’ ಇರುವಾಗ ಅದೇಕೆ?

*

ಉರುವಲು ಎಂದರೆ ಸೌದೆ, ಸ್ವಾಮಿ. ವಿಮಾನದ ರೆಕ್ಕೆಯೊಳಗೆ ಸೌದೆ ತುಂಬುತ್ತಾರೆಯೇ?

ಕೇಳಿದವರಿಗೆ: ‘ಹೊಗೆ’ ಎಂದೂ ಬರೆಯಬೇಡಿ. ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್, 1.24 ಕಿಲೋ ನೀರಾವಿ ಹೊರಡುತ್ತವೆ. ಎರಡೂ ಕಣ್ಣಿಗೆ ಕಾಣುವ ಹೊಗೆಯಲ್ಲ. (ಸುಟ್ಟದ್ದಕ್ಕಿಂತ ಬಿಟ್ಟದ್ದು ಹೆಚ್ಚು ಎಂದು ಓದುಗರು ತಕರಾರು ತೆಗೆದಾರು, ಹೆಚ್ಚುವರಿ ತೂಕ ಗಾಳಿಯ ಆಮ್ಲಜನಕದ್ದು.) ನೈಟ್ರೋಜನ್ ಆಕ್ಸೈಡುಗಳಿಗೆ ಹೀಗೆ ಒಂದೇ ಗುಣಕ ನಡೆಯುವುದಿಲ್ಲ. ಎಂಜಿನ್ ಯಾವುದು, ಎಷ್ಟು ಜೋರಾಗಿ ಓಡುತ್ತಿದೆ, ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಅದು ಏರುಪೇರಾಗುತ್ತದೆ. ಅದಕ್ಕೇ ಸೇಜ್ ಪ್ರತಿ ಹಾರಾಟವನ್ನೂ ತುಂಡು ತುಂಡಾಗಿ ಕತ್ತರಿಸಿ, ತುಂಡಿಗೊಂದು ಲೆಕ್ಕ ಹಾಕಿ ಕೂಡಿಸುತ್ತಿತ್ತು. ಈಗ ಆ ಕೆಲಸ ಅದರ ಜಾಗಕ್ಕೆ ಬಂದ ಎಫ್‌ಎಎಯದೇ ತಂತ್ರಾಂಶ ಎಇಡಿಟಿಯದು. ಯಾರೂ ಎಂಜಿನ್ನಿನ ಬಾಯಿಗೆ ಮೀಟರ್ ಕಟ್ಟಿ ಅಳೆದದ್ದಲ್ಲ. ಆದ್ದರಿಂದ ಎಣಿಕೆಯೂ ಅಲ್ಲ, ದಾಸ್ತಾನೂ ಅಲ್ಲ, ‘ಲೆಕ್ಕಪಟ್ಟಿ’.

ಶೀರ್ಷಿಕೆಯಂತೂ ಅಪಾಯ. ಪತ್ರಿಕೆಗಳಲ್ಲಿ ‘ಬೋಯಿಂಗ್ 737 ಮಾದರಿಯ ವಿಮಾನ’ ಎಂದು ಓದಿದವರು ‘ವಿಮಾನ ಮಾದರಿ’ಯನ್ನು ಹೊಸ ವಿಮಾನವೆಂದೇ ತಿಳಿಯುತ್ತಾರೆ. ‘ಗಣಕ ಲೆಕ್ಕಾಚಾರ’ ಎನ್ನಿ.

*

‘ಲೆಕ್ಕ’ ಸಂಸ್ಕೃತದ ‘ಲೇಖ’ದ ತದ್ಭವ. ಇದನ್ನು ಕನ್ನಡವೆಂದು ನಂಬಿಸುವವರಿಗೆ ಏನು ಹೇಳುವುದು?

*

ತದ್ಭವವಾಗಿ ನಮ್ಮ ಮನೆಯಲ್ಲೇ ಬೆಳೆದದ್ದನ್ನು ಯಾವ ಊರಿಗೆ ಅಟ್ಟುತ್ತೀರಿ? ಕಿರಾಣಿ ಅಂಗಡಿಯಲ್ಲಿ ‘ಎಣಿಕೆ ಬರೆದುಕೊಳ್ಳಿ’ ಎಂದು ಒಮ್ಮೆ ಹೇಳಿ ನೋಡಿ.

*

ಎಲ್ಲರಿಗೂ ವಂದನೆಗಳು. ‘ವಿಮಾನ ಹೊರಸೂಸುವಿಕೆಯ ಜಾಗತಿಕ ಲೆಕ್ಕಪಟ್ಟಿ’ ಎಂದು ಕಳುಹಿಸಿದ್ದೇನೆ. ಇಂಧನವನ್ನು ಇಂಧನವಾಗಿಯೇ ಬಿಟ್ಟಿದ್ದೇನೆ. ಅಕ್ಷರ ಜೋಡಿಸುವವರು ಈಗ ‘ಹೊರಸೂಸುವಿಕೆ’ ಒಂದು ಸಾಲಿನಲ್ಲಿ ಹಿಡಿಯುತ್ತಿಲ್ಲ ಎನ್ನುತ್ತಿದ್ದಾರೆ. ಇದಕ್ಕಿಂತ ಚಿಕ್ಕದು ಯಾರ ಬಳಿಯಾದರೂ ಇದೆಯೇ?