ಅಪ್‌ಡೇಟ್: ಬಾಗಲಕೋಟಿಯಿಂದ ಕಳಸಕ್ಕ ಹೋಗಿ ಬಂದ್ವಿ

ಕಳಸದ ಹತ್ರ ಗುಡ್ಡದ ಮ್ಯಾಲಿನ ಹಳ್ಳ್ಯಾಗ ದೋಸ್ತರ ಮನಿಗೆ ಕಾರ್ ತಗೊಂಡು ಯಾವ ರೂಟ್ ಹಿಡೀಬೇಕು ಅಂತ ಕೇಳಿದ್ನಲ್ರೀ, ಆರಾಮ ಹೋಗಿ ಬಂದ್ವಿ, ಹೇಳಿದವ್ರಿಗೆಲ್ಲಾ ಭಾಳ ಥ್ಯಾಂಕ್ಸ್. ನರಗುಂದ, ಹುಬ್ಬಳ್ಳಿ, ಹಾವೇರಿ ದಾಟಿ ಹರಿಹರದಾಗ ಹೊಳ್ಳಿ ಹೊನ್ನಾಳಿ ಮ್ಯಾಲಿಂದ ಶಿವಮೊಗ್ಗ, ಅಲ್ಲಿತನಕ ಏನೂ ತ್ರಾಸಿಲ್ಲ. ಕೊಪ್ಪ ಬಿಟ್ಟು ಬಾಳೆಹೊನ್ನೂರಾಗ ಭದ್ರಾ ಹೊಳಿ ಕಂಡ ಮ್ಯಾಲ ಬರೇ ತಿರುವು, ಮಂಜು ಎಷ್ಟಂದ್ರ ಬಾನೆಟ್ ಮುಂದ ಏನೂ ಕಾಣಂಗಿಲ್ಲ, ಸೆಕೆಂಡ್ ಗೇರ್‌ನ್ಯಾಗ ಹಾರ್ನ್ ಹೊಡ್ಕೋತ ಹೋಗೂದು, ಕತ್ತಲಾಗೂದ್ರಾಗ ಮುಟ್ರಿ ಅಂತ ನೀವು ಹೇಳಿದ್ದು ಖರೇನ ಐತ್ರಿ. ಕಡೀ ಚಡಾವಿಗೆ ದೋಸ್ತನ ಜೀಪ್ ಬಂತು, ಅದು ನಮ್ಮ ಕಾರಿನ ಕೆಲಸ ಅಲ್ಲ. ನಾವು ಒಯ್ದ ಕಡಕ್ ಸಜ್ಜಿ ರೊಟ್ಟಿ ಆ ಥಂಡ್ಯಾಗ ಮೆತ್ತಗಾಗಿದ್ವು, ಅವರ ಅಮ್ಮ ಕೆಂಡದ ಮ್ಯಾಲ ಒಂದೊಂದ ಕಾಯಿಸಿ ಶೇಂಗಾ ಹಿಂಡಿ ಹಚ್ಚಿ ಎಲ್ಲಾರಿಗೂ ಕೊಟ್ರು. ಮುಂದ ಹೋಗಾವ್ರು ಪೆಟ್ರೋಲ್ ಕೊಪ್ಪದಾಗ ಫುಲ್ ಮಾಡಿಸ್ಕೊಳ್ರಿ.